ಉಪಗ್ರಹದಿಂದ ಗಾಳಿ ಅಳೆದರೆ ನಮ್ಮ ಮಳೆ ಮುನ್ಸೂಚನೆ ಸರಿಯಾಗುತ್ತದಾ?

ಕೊಪ್ಪದ_ಅಡಿಕೆ

ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಬೋರ್ಡೋ ಹೊಡೆಸುವ ಕಾಲ ಬಂತೆಂದರೆ ನಮ್ಮ ಕಡೆ ಎಲ್ಲರಿಗೂ ಆಕಾಶ ನೋಡುವುದೇ ಕೆಲಸ. ಮೈಲುತುತ್ತು, ಸುಣ್ಣ ತಂದಿಟ್ಟು, ಕೊನೆಗಾರರಿಗೆ ಹೇಳಿಟ್ಟು, ಮಳೆ ಯಾವಾಗ ಹೊಳವಾಗುತ್ತದೆ ಅಂತ ಕಾಯುತ್ತಾ ಕೂರಬೇಕು. ಹೊಡೆದ ಮೇಲೆ ಗೊನೆ ಒಣಗುವಷ್ಟು ಹೊತ್ತು ಸಿಗದಿದ್ದರೆ ಔಷಧಿಯೂ ಹೋಯಿತು, ಕೂಲಿಯೂ ಹೋಯಿತು. ಆಮೇಲೆ ಕೊಳೆರೋಗ ಬಂದರೆ ಯಾರನ್ನು ಕೇಳೋಣ?

ಫೋನಿನಲ್ಲಿರುವ ಆ್ಯಪ್ ಮೂರು ದಿನ ಬಿಸಿಲು ಅನ್ನುತ್ತದೆ, ಎರಡನೇ ದಿನ ಮಧ್ಯಾಹ್ನಕ್ಕೇ ಜಡಿ ಮಳೆ. ಮೊನ್ನೆ ಎಲ್ಲೋ ಓದಿದೆ: ನಮ್ಮ ಓಷನ್‌ಸ್ಯಾಟ್ ಉಪಗ್ರಹ ಸಮುದ್ರದ ಮೇಲಿನ ಗಾಳಿ ಅಳೆಯುತ್ತದಂತೆ, ಅದರಿಂದ ಹವಾಮಾನ ಮುನ್ಸೂಚನೆ ಸುಧಾರಿಸುತ್ತದಂತೆ. ನನ್ನ ಪ್ರಶ್ನೆ ಇಷ್ಟೇ. ಗಾಳಿ ಕಣ್ಣಿಗೇ ಕಾಣುವುದಿಲ್ಲ, ಅದನ್ನು ಅಷ್ಟು ಮೇಲಿಂದ ಅಳೆಯುವುದು ಹೇಗೆ? ಅಳೆದರೂ ನನಗೆ ಬೇಕಾಗಿರುವುದು ಮಳೆ ಲೆಕ್ಕ. ಗಾಳಿಗೂ ಅದಕ್ಕೂ ಎಲ್ಲಿಯ ಸಂಬಂಧ?

ಪಂಚಾಂಗ_ಪ್ರಿಯ

ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ. ನಮ್ಮಜ್ಜ ಉಪಗ್ರಹ ಇಲ್ಲದೇ ಇಷ್ಟು ಹೇಳಿ ಹೋಗಿದ್ದಾರೆ. :)

ಗಾಳಿಗುಂಗು

ಅಡಿಕೆ ಸರ್, ಒಳ್ಳೆ ಪ್ರಶ್ನೆ. ನಾನು ಹವಾಮಾನ ಮಾದರಿಗಳ ಕೆಲಸದಲ್ಲೇ ಇರುವವನು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲಿಗೆ ಎರಡನೇ ಪ್ರಶ್ನೆ. ಮುನ್ಸೂಚನೆ ಅಂದರೆ ಒಂದು ದೊಡ್ಡ ಲೆಕ್ಕ, ಅದನ್ನೇ ಮಾದರಿ ಅನ್ನುತ್ತೇವೆ. ಈ ಕ್ಷಣದಲ್ಲಿ ಭೂಮಿಯ ಸುತ್ತ ವಾತಾವರಣ ಹೇಗಿದೆ ಅಂತ ಕಂಪ್ಯೂಟರಿಗೆ ಹೇಳಬೇಕು. ಎಲ್ಲಿ ಎಷ್ಟು ಬಿಸಿ, ಎಷ್ಟು ಒತ್ತಡ, ಎಷ್ಟು ತೇವ, ಗಾಳಿ ಯಾವ ಕಡೆಗೆ ಎಷ್ಟು ವೇಗ. ಅಲ್ಲಿಂದ ಅದು ಭೌತಶಾಸ್ತ್ರದ ಸಮೀಕರಣ ಹಿಡಿದು ನಾಳೆ, ನಾಡಿದ್ದಿಗೆ ಹೋಗುತ್ತದೆ. ಶುರುವಿನ ಚಿತ್ರದಲ್ಲೇ ತಪ್ಪಿದ್ದರೆ ಆ ತಪ್ಪು ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಗುತ್ತದೆ. ಉಪಗ್ರಹ ನೇರವಾಗಿ ಮಳೆ ಹೇಳುವುದಿಲ್ಲ. ಶುರುವಿನ ತಪ್ಪನ್ನು ಕಡಿಮೆ ಮಾಡುತ್ತದೆ, ಅಷ್ಟೇ.

ಕೊಪ್ಪಕ್ಕೆ ಜುಲೈನಲ್ಲಿ ಬರುವ ಮಳೆಯನ್ನೇ ತೆಗೆದುಕೊಳ್ಳಿ. ಆ ನೀರು ಬರುವುದು ಅರಬ್ಬೀ ಸಮುದ್ರದಿಂದ. ತರುವುದು ಗಾಳಿ. ದಕ್ಷಿಣ ಗೋಳಾರ್ಧದಿಂದ ಹೊರಟು, ಕೀನ್ಯಾ ಕರಾವಳಿ ಹತ್ತಿರ ಸಮಭಾಜಕ ದಾಟಿ, ಸೋಮಾಲಿಯಾದ ಪಕ್ಕದಲ್ಲಿ ತಿರುಗಿ ಸೀದಾ ನಮ್ಮ ಕಡೆಗೆ ಬರುವ ಒಂದು ಜೋರು ಗಾಳಿಯ ಪಟ್ಟಿ ಇದೆ. ಸಮುದ್ರದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ರಭಸ ಜಾಸ್ತಿ. ಸೋಮಾಲಿ ಜೆಟ್ ಅನ್ನುತ್ತಾರೆ. ಫಿಂಡ್ಲೇಟರ್ ಎಂಬ ವಿಜ್ಞಾನಿ 1969ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದದ್ದರಿಂದ ಫಿಂಡ್ಲೇಟರ್ ಜೆಟ್ ಅಂತಲೂ ಹೆಸರು. ಈ ಗಾಳಿ ಘಟ್ಟಕ್ಕೆ ಗುದ್ದಿ ಮೇಲೇರಿದಾಗ ಆಗುಂಬೆ, ಹುಲಿಕಲ್, ಕೊಪ್ಪ, ಶೃಂಗೇರಿ ಎಲ್ಲ ಕಡೆ ಸುರಿಯುತ್ತದೆ. ಗಾಳಿಯ ವೇಗವನ್ನು ಐದರಲ್ಲಿ ಒಂದು ಪಾಲು ಕಡಿಮೆ ಅಂದುಕೊಂಡು ಲೆಕ್ಕ ಶುರು ಮಾಡಿದರೆ, ಘಟ್ಟಕ್ಕೆ ಬಂದು ಬೀಳುವ ತೇವವೂ ಹೆಚ್ಚುಕಡಿಮೆ ಅಷ್ಟೇ ಪಾಲು ಕಡಿಮೆ ಬರುತ್ತದೆ. ಸಂಬಂಧ ಇರುವುದು ಇಲ್ಲಿ.

ಈಗ ಕಷ್ಟ ಏನು ಅಂದರೆ, ಆ ಗಾಳಿ ಬರುವ ದಾರಿಯಲ್ಲಿ ಅಳೆಯುವವರು ಯಾರೂ ಇಲ್ಲ. ಹವಾಮಾನ ಇಲಾಖೆ ಬೆಂಗಳೂರು, ಮಂಗಳೂರಿನಂಥ ಕಡೆ ಬಲೂನ್ ಬಿಡುತ್ತದೆ. ಪ್ರಪಂಚದಲ್ಲೆಲ್ಲ ಇದಕ್ಕೆ ಒಂದೇ ಸಮಯ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಐದೂವರೆ, ಸಂಜೆ ಐದೂವರೆಯ ಲೆಕ್ಕ. ಲಕ್ಷದ್ವೀಪದ ಅಮಿನಿ, ಮಿನಿಕಾಯ್‌ನಲ್ಲೂ ಬಲೂನ್ ಇದೆ. ಅದನ್ನು ದಾಟಿದರೆ ಆಫ್ರಿಕಾದವರೆಗೂ ನೀರೇ ನೀರು. ಮಳೆ ತಯಾರಾಗುವ ಜಾಗದಲ್ಲೇ ನಮಗೆ ಕಣ್ಣಿಲ್ಲ. ಅದಕ್ಕೇ ಉಪಗ್ರಹ.

ಮಲ್ಪೆ_ಬೋಟು

ಇದು ಸರಿ ಮಾರಾಯ್ರೆ. ಬಂದರಿನಲ್ಲಿ ನಿಂತರೆ ಎಲೆ ಅಲ್ಲಾಡುವುದಿಲ್ಲ, ಹೊರಗೆ ಹೋದರೆ ಬೋಟು ನಿಲ್ಲುವುದಿಲ್ಲ. ದಡದ ಗಾಳಿ ನೋಡಿ ಆಳ ಸಮುದ್ರದ್ದು ಹೇಳಲಿಕ್ಕೆ ಆಗುವುದಿಲ್ಲ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ಕನ್ಯಾಕುಮಾರಿ ಕಡೆಯ ಮೀನುಗಾರರು ಎಷ್ಟು ಜನ ಹೋದರು, ಎಲ್ಲ ಆಗಲೇ ಆಳಕ್ಕೆ ಹೋದವರು. ಆದರೆ ನೀರಿನ ಮೇಲೆ ಗಾಳಿಯನ್ನು ಉಪಗ್ರಹ ಹೇಗೆ ಅಳೆಯುತ್ತದೆ? ಕ್ಯಾಮೆರಾದಲ್ಲಾ?

ಗಾಳಿಗುಂಗು

ಕ್ಯಾಮೆರಾ ಅಲ್ಲ, ರಾಡಾರ್. ಇದನ್ನು ಸ್ಕ್ಯಾಟರೋಮೀಟರ್ ಅನ್ನುತ್ತಾರೆ.

ಕೆರೆ ಏರಿ ಮೇಲೆ ನಿಂತಾಗ ಒಂದು ಗಾಳಿ ಬೀಸಿದರೆ ನೀರಿನ ಆ ತುಂಡು ಮಾತ್ರ ಸಣ್ಣಗೆ ಸುಕ್ಕುಗಟ್ಟಿ ಕಪ್ಪಾಗಿ ಕಾಣುತ್ತದೆ, ನೋಡಿದ್ದೀರಲ್ಲ? ಸಮುದ್ರದ ಮೇಲೂ ಹಾಗೇ ಆಗುತ್ತದೆ. ದೊಡ್ಡ ಅಲೆಗಳ ಮೈಮೇಲೆ ಒಂದೆರಡು ಸೆಂಟಿಮೀಟರಿನ ಸುಕ್ಕಲೆ ಎದ್ದಿರುತ್ತದೆ. ಗಾಳಿ ಜಾಸ್ತಿಯಾದರೆ ಸುಕ್ಕೂ ಜಾಸ್ತಿ. ಉಪಗ್ರಹ ಓರೆಯಾಗಿ ರೇಡಿಯೋ ಅಲೆ ಬಿಡುತ್ತದೆ. ನುಣುಪಾದ ನೀರಿಗೆ ಬಿದ್ದರೆ ಅದು ಆಚೆ ಕಡೆಗೆ ಜಾರಿ ಹೋಗುತ್ತದೆ, ಸುಕ್ಕಿದ್ದರೆ ಒಂದು ಪಾಲು ತಿರುಗಿ ಬರುತ್ತದೆ. ಎಷ್ಟು ತಿರುಗಿ ಬಂತು ಅನ್ನುವುದರಿಂದ ಗಾಳಿಯ ವೇಗ ಗೊತ್ತಾಗುತ್ತದೆ. ಓಷನ್‌ಸ್ಯಾಟ್-2ರ ರಾಡಾರ್ 13.515 ಗಿಗಾಹರ್ಟ್ಸ್‌ನದು. ಆ ಅಲೆಯ ಉದ್ದ ಸುಮಾರು 2.2 ಸೆಂಟಿಮೀಟರ್. ಈ ಸಣ್ಣ ಸುಕ್ಕಿಗೆ ಅದು ಸರಿಹೊಂದುತ್ತದೆ.

ದಿಕ್ಕು ಹಿಡಿಯುವುದು ಇನ್ನೂ ಮಜಾ. ಸುಕ್ಕುಗಳು ಗಾಳಿಗೆ ಅಡ್ಡಲಾಗಿ ಸಾಲುಗಟ್ಟಿರುತ್ತವೆ. ಹಾಗಾಗಿ ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ನೋಡಿದರೆ ಬೇರೆ ಬೇರೆ ಉತ್ತರ ಬರುತ್ತದೆ. ಓಷನ್‌ಸ್ಯಾಟ್‌ನಲ್ಲಿ ಒಂದು ಮೀಟರ್ ಅಗಲದ ತಟ್ಟೆ ಗಿರ್ರನೆ ಸುತ್ತುತ್ತಿರುತ್ತದೆ. ಉಪಗ್ರಹ ಮುಂದೆ ಹೋಗುವಾಗ ಸಮುದ್ರದ ಅದೇ ತುಂಡನ್ನು ಎರಡು ಕಿರಣಗಳಿಂದ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ನೋಡುತ್ತದೆ. ಆ ಉತ್ತರಗಳನ್ನು ಕೂಡಿಸಿ ದಿಕ್ಕು ತೆಗೆಯುತ್ತಾರೆ. ಆದರೂ ಒಂದು ಗೊಂದಲ ಉಳಿಯುತ್ತದೆ. ಪಡುವಣದಿಂದ ಬೀಸಿದರೂ ಮೂಡಣದಿಂದ ಬೀಸಿದರೂ ರಾಡಾರಿಗೆ ಸುಮಾರು ಒಂದೇ ಥರ ಕಾಣುತ್ತದೆ. ಆಗ ಹಿಂದಿನ ಮುನ್ಸೂಚನೆ ಏನು ಹೇಳಿತ್ತು ಅಂತ ನೋಡಿ ಸರಿಯಾದದ್ದನ್ನು ಆರಿಸಬೇಕಾಗುತ್ತದೆ.

ಓಷನ್‌ಸ್ಯಾಟ್-2 ಹಾರಿದ್ದು 2009ರ ಸೆಪ್ಟೆಂಬರ್ 23ಕ್ಕೆ. ಎರಡು ದಿನದಲ್ಲಿ ಇಡೀ ಜಗತ್ತಿನ ಸಮುದ್ರ ನೋಡಿ ಮುಗಿಸುತ್ತಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಇಂಥದ್ದೇ ಉಪಗ್ರಹ ಕ್ವಿಕ್‌ಸ್ಕ್ಯಾಟ್‌ನ ಸುತ್ತುವ ಆಂಟೆನಾ ನಿಂತುಹೋಯಿತು. ಆಮೇಲೆ ಅಮೆರಿಕದವರೂ ನಮ್ಮ ಅಳತೆ ಬಳಸಿದರು. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಬಂದಾಗ ನಾಸಾ ಹಾಕಿದ ಗಾಳಿ ನಕ್ಷೆ ನಮ್ಮ ಓಷನ್‌ಸ್ಯಾಟ್-2ರ ಅಳತೆಯದ್ದು.

ಹಾಸನದ_ಹುಡುಗಿ

ನಮ್ಮೂರಿನ ಹೆಸರು ಯಾರೂ ಎತ್ತುತ್ತಿಲ್ಲವಲ್ಲ! ಇನ್‌ಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದ ಎಂಸಿಎಫ್, ಅಂದರೆ ಇಸ್ರೋದ ನಿಯಂತ್ರಣ ಕೇಂದ್ರ. ಅವುಗಳಿಂದಲೂ ಗಾಳಿ ಅಳೆಯುತ್ತಾರೆ, ಆದರೆ ರಾಡಾರ್ ಇಲ್ಲದೆ.

ಟಿವಿ ವಾರ್ತೆಯಲ್ಲಿ ಮೋಡದ ಚಿತ್ರ ತೋರಿಸುತ್ತಾರಲ್ಲ, ಅದೇ. ಇನ್‌ಸ್ಯಾಟ್-3ಡಿಆರ್, 3ಡಿಎಸ್ ಥರದವು 36,000 ಕಿಲೋಮೀಟರ್ ಮೇಲೆ, ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ಅರ್ಧ ಗಂಟೆಗೊಂದು ಚಿತ್ರ. ಒಂದಾದ ಮೇಲೊಂದು ಮೂರು ಚಿತ್ರ ತೆಗೆದುಕೊಂಡು, ಒಂದು ಸಣ್ಣ ಮೋಡದ ತುಂಡು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕಂಪ್ಯೂಟರ್ ಹುಡುಕುತ್ತದೆ. ದೂರವನ್ನು ಸಮಯದಿಂದ ಭಾಗಿಸಿದರೆ ಗಾಳಿ ಬಂತು. ಮೋಡವೇ ಇಲ್ಲದ ಕಡೆ ನೀರಾವಿಯ ಚಿತ್ರದಲ್ಲಿ ಕಾಣುವ ಮಬ್ಬುಗಳನ್ನು ಹಿಂಬಾಲಿಸುತ್ತಾರೆ. ಈ ವಿದ್ಯೆ ಹಳೆಯದು. 1966ರ ಕೊನೆಗೆ ಹಾರಿದ ಅಮೆರಿಕದ ಎಟಿಎಸ್-1ರಲ್ಲಿ ವರ್ನರ್ ಸುವೋಮಿಯ ಕ್ಯಾಮೆರಾ ಇತ್ತು. ಆ ಚಿತ್ರಗಳನ್ನು ಸಾಲಾಗಿ ಜೋಡಿಸಿ ಓಡಿಸಿದಾಗಲೇ ಮೋಡ ಚಲಿಸುವುದು ಕಂಡದ್ದು.

ಗಾಳಿಗುಂಗು

ಹುಡುಗಿ ಹೇಳಿದ್ದು ಸರಿ. ಅದರ ದೊಡ್ಡ ತಲೆನೋವು ಒಂದಿದೆ. ಮೋಡ ಎಷ್ಟು ವೇಗದಲ್ಲಿ ಹೋಯಿತು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ, ಎಷ್ಟು ಎತ್ತರದಲ್ಲಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಮೋಡದ ತಲೆ ಎಷ್ಟು ತಣ್ಣಗಿದೆ ಅಂತ ನೋಡಿ ಅಂದಾಜು ಮಾಡುತ್ತಾರೆ. ತೆಳು ಮೋಡವಾದರೆ ಕೆಳಗಿನ ಬಿಸಿಯೂ ತೂರಿ ಬಂದು ಅಂದಾಜು ಕೆಡುತ್ತದೆ. ಮುಂಗಾರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಆಗ ನಮ್ಮಲ್ಲಿ ಕೆಳಗಿನ ಪದರದಲ್ಲಿ ಪಡುವಣ ಗಾಳಿ, ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಮೂಡಣ ಗಾಳಿ. ಎತ್ತರ ತಪ್ಪಾಗಿ ಕೊಟ್ಟರೆ ಮಾದರಿಗೆ ಉಲ್ಟಾ ದಿಕ್ಕಿನ ಗಾಳಿ ತಿನ್ನಿಸಿದ ಹಾಗೆ.

ಪಿಯು_ಫಿಸಿಕ್ಸ್

ಒಂದು ಅನುಮಾನ. ಉಪಗ್ರಹಗಳು ಉಷ್ಣಾಂಶವನ್ನು ಚೆನ್ನಾಗಿಯೇ ಅಳೆಯುತ್ತವೆ, ಅದೂ ಎತ್ತರವಾರು. ಉಷ್ಣಾಂಶ ಗೊತ್ತಿದ್ದರೆ ಒತ್ತಡ ತೆಗೆಯಬಹುದು. ಒತ್ತಡ ಗೊತ್ತಿದ್ದರೆ ಗಾಳಿ ತೆಗೆಯಬಹುದು. ಮತ್ತೆ ಗಾಳಿಯನ್ನು ಬೇರೆಯಾಗಿ ಅಳೆಯುವ ಖರ್ಚು ಯಾಕೆ?

ಗಾಳಿಗುಂಗು

ಸರ್, ನೀವು ಕೇಳಿದ್ದು ಈ ಇಡೀ ಚರ್ಚೆಯ ಜೀವಾಳ. ಯುರೋಪಿನಲ್ಲಿ ಕೂತಿದ್ದರೆ ನಿಮ್ಮ ಮಾತು ಬಹುಮಟ್ಟಿಗೆ ಸರಿ. ನಮ್ಮಲ್ಲಿ ಸರಿ ಅಲ್ಲ.

ಭೂಮಿ ತಿರುಗುತ್ತಿರುವುದರಿಂದ ಚಲಿಸುವ ಗಾಳಿ ಪಕ್ಕಕ್ಕೆ ತಿರುಗುತ್ತದೆ. ಕೊರಿಯೊಲಿಸ್ ಬಲ, ನಿಮಗೆ ಹೇಳಬೇಕಾಗಿಲ್ಲ. ಧ್ರುವದ ಕಡೆ ಅದು ಗಟ್ಟಿ, ಸಮಭಾಜಕದಲ್ಲಿ ಸೊನ್ನೆ. ಗಟ್ಟಿ ಇರುವ ಕಡೆ ಒತ್ತಡದ ತಳ್ಳು ಮತ್ತು ಈ ಬಲ ಒಂದಕ್ಕೊಂದು ಸರಿದೂಗಿ ನಿಲ್ಲುತ್ತವೆ. ಹಾಗಾಗಿ ಒತ್ತಡದ ನಕ್ಷೆ ಸಿಕ್ಕರೆ ಗಾಳಿಯ ನಕ್ಷೆ ಸಿಕ್ಕ ಹಾಗೇ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ಆ ಬಲ ಲಂಡನ್ನಿನಲ್ಲಿ ಇರುವುದರ ಮೂರನೇ ಒಂದು ಪಾಲೂ ಇಲ್ಲ. ಲೆಕ್ಕ ಹಾಕಿ ನೋಡಿ, 13 ಡಿಗ್ರಿಯ ಸೈನ್ 0.225, ಐವತ್ತೊಂದೂವರೆಯದ್ದು 0.78. ಮುಂಗಾರು ಗಾಳಿ ಹುಟ್ಟುವ ಜಾಗವಂತೂ ಸಮಭಾಜಕದ ಪಕ್ಕದಲ್ಲೇ ಇದೆ.

ಇನ್ನೊಂದು ಕಡೆಯಿಂದ ನೋಡಿ. ಉಷ್ಣವಲಯದಲ್ಲಿ ಉಷ್ಣಾಂಶದ ವ್ಯತ್ಯಾಸ ಬಹಳ ಕಡಿಮೆ. ಒಂದೇ ಎತ್ತರದಲ್ಲಿ ನೂರಾರು ಕಿಲೋಮೀಟರ್ ಹೋದರೂ ಒಂದು ಡಿಗ್ರಿ ಬದಲಾಗುವುದು ಕಷ್ಟ. ಅಷ್ಟು ಸಣ್ಣ ವ್ಯತ್ಯಾಸವನ್ನು ಉಪಗ್ರಹ ತಪ್ಪಿಲ್ಲದೆ ಹಿಡಿದು, ಅದರಿಂದ ಒತ್ತಡ, ಅದರಿಂದ ಗಾಳಿ ಅಂತ ಹೋದರೆ ಕೊನೆಗೆ ಉಳಿಯುವುದು ತಪ್ಪು ಮಾತ್ರ. ಇಲ್ಲಿ ಲೆಕ್ಕ ಉಲ್ಟಾ. ಗಾಳಿ ಗೊತ್ತಿದ್ದರೆ ಉಳಿದದ್ದನ್ನು ಊಹಿಸಬಹುದು, ಉಳಿದದ್ದು ಗೊತ್ತಿದ್ದರೆ ಗಾಳಿ ಊಹಿಸಲು ಆಗುವುದಿಲ್ಲ. ಆಕಾಶದಲ್ಲಿರುವ ಹವಾಮಾನ ಉಪಗ್ರಹಗಳಲ್ಲಿ ಉಷ್ಣಾಂಶ, ತೇವ ನೋಡುವವೇ ಜಾಸ್ತಿ. ಉತ್ತರದ ದೇಶಗಳಿಗೆ ಅದು ಸಾಕಾಗುತ್ತಿತ್ತು. ನಮ್ಮಂಥವರಿಗೆ ಸಾಲುತ್ತಿರಲಿಲ್ಲ.

ಅಳೆದ ಗಾಳಿ ಲೆಕ್ಕದೊಳಗೆ ಹೋಗುವ ಬಗೆಯನ್ನೂ ಹೇಳಿಬಿಡುತ್ತೇನೆ. ಉದಾಹರಣೆಗೆ ಮಾತ್ರ, ಅಂಕಿ ನನ್ನ ಕಲ್ಪನೆ. ಕಳೆದ ಸುತ್ತಿನ ಲೆಕ್ಕದ ಪ್ರಕಾರ ಲಕ್ಷದ್ವೀಪದ ಪಶ್ಚಿಮಕ್ಕೆ ಒಂದು ಕಡೆ ಗಾಳಿ ಸೆಕೆಂಡಿಗೆ 8 ಮೀಟರ್ ಇರಬೇಕು. ಉಪಗ್ರಹ 11 ಅನ್ನುತ್ತದೆ. ಇಬ್ಬರೂ ಪೂರ್ತಿ ಸರಿ ಇರುವುದಿಲ್ಲ. ಮಾದರಿ ಎಷ್ಟು ತಪ್ಪಬಹುದು, ಉಪಗ್ರಹ ಎಷ್ಟು ತಪ್ಪಬಹುದು ಅಂತ ಮೊದಲೇ ಅಂದಾಜು ಇರುತ್ತದೆ. ಆ ತೂಕದ ಮೇಲೆ ಕಂಪ್ಯೂಟರ್ ಒಂದು ಮಧ್ಯದ ಬೆಲೆ, ಹತ್ತೂ ಚಿಲ್ಲರೆ ಅಂತಿಟ್ಟುಕೊಳ್ಳಿ, ಆರಿಸುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. ಅಲ್ಲಿ ಗಾಳಿ ಜಾಸ್ತಿ ಅಂದರೆ ಸುತ್ತಮುತ್ತ ನೂರಾರು ಕಿಲೋಮೀಟರಿನಲ್ಲಿ, ಮೇಲಿನ ಪದರಗಳಲ್ಲಿ, ಒತ್ತಡದಲ್ಲಿ ಏನು ಬದಲಾಗಬೇಕು ಅಂತಲೂ ತಿದ್ದುತ್ತದೆ. ಇಂಗ್ಲೆಂಡಿನ ರೀಡಿಂಗ್‌ನಲ್ಲಿರುವ ಯುರೋಪಿನ ಹವಾಮಾನ ಮುನ್ಸೂಚನೆ ಕೇಂದ್ರ, ನಮ್ಮ ನೋಯ್ಡಾದಲ್ಲಿರುವ ಅಂಥದ್ದೇ ಕೇಂದ್ರ ಎನ್‌ಸಿಎಂಆರ್‌ಡಬ್ಲ್ಯೂಎಫ್, ಎಲ್ಲರೂ ದಿನಾ ಮಾಡುವುದು ಇದನ್ನೇ. ಲಕ್ಷಗಟ್ಟಲೆ ಅಳತೆಗಳ ಜೊತೆ.

ಪಿಯು_ಫಿಸಿಕ್ಸ್

ಚೆನ್ನಾಗಿ ಹೇಳಿದಿರಿ. ಸೈನ್ ಲೆಕ್ಕ ನಾಳೆ ಕ್ಲಾಸಿನಲ್ಲಿ ಹಾಕಿಸುತ್ತೇನೆ.

ಬರ್ಲಿನ್_ಬಸವ

ಗಾಳಿಗುಂಗು ಅವರು ಈಯೋಲಸ್ ಹೆಸರು ಇನ್ನೂ ಎತ್ತಿಲ್ಲ, ಅದಿಲ್ಲದೆ ಈ ವಿಷಯ ಪೂರ್ತಿ ಆಗುವುದಿಲ್ಲ. ನಾನು ಲೇಸರ್ ಆಪ್ಟಿಕ್ಸ್‌ನವನು, ಹವಾಮಾನದವನಲ್ಲ. ಆದರೆ ಈ ಉಪಗ್ರಹದ ಕತೆ ನಮ್ಮ ವಲಯದಲ್ಲಿ ಎಲ್ಲರಿಗೂ ಗೊತ್ತು.

ಸ್ಕ್ಯಾಟರೋಮೀಟರ್ ನೀರಿನ ಮೈಮೇಲಿನ ಗಾಳಿ ಮಾತ್ರ ಹೇಳುತ್ತದೆ. ಮೋಡ ಹಿಂಬಾಲಿಸಿದರೆ ಮೋಡ ಇರುವ ಎತ್ತರದ್ದು ಮಾತ್ರ. ನೆಲದಿಂದ 30 ಕಿಲೋಮೀಟರ್‌ವರೆಗೆ ಪದರ ಪದರವಾಗಿ ಗಾಳಿ ಅಳೆಯಬೇಕು ಅಂತ ಯುರೋಪಿನ ಬಾಹ್ಯಾಕಾಶ ಸಂಸ್ಥೆ 1999ರಲ್ಲಿ ಈಯೋಲಸ್ ಯೋಜನೆ ಆರಿಸಿಕೊಂಡಿತು. 2007ಕ್ಕೆ ಹಾರಿಸುವ ಮಾತು. ಹಾರಿದ್ದು 2018ರ ಆಗಸ್ಟ್ 22ಕ್ಕೆ. ಇಷ್ಟು ತಡ ಆಗಿದ್ದಕ್ಕೆ ಮುಖ್ಯ ಕಾರಣ ಲೇಸರ್.

ಅದರದ್ದು 355 ನ್ಯಾನೋಮೀಟರಿನ ನೇರಳಾತೀತ ಲೇಸರ್, ಸೆಕೆಂಡಿಗೆ 50 ಮಿಂಚು. 320 ಕಿಲೋಮೀಟರ್ ಮೇಲಿಂದ ಓರೆಯಾಗಿ ಕೆಳಗೆ ಬಿಟ್ಟರೆ ಗಾಳಿಯ ಅಣುಗಳು, ಧೂಳು, ಮೋಡದ ಹನಿಗಳಿಗೆ ತಾಗಿ ಒಂದು ಚೂರೇ ಚೂರು ಬೆಳಕು ತಿರುಗಿ ಬರುತ್ತದೆ. ಒಂದೂವರೆ ಮೀಟರಿನ ಕನ್ನಡಿ ಅದನ್ನು ಹಿಡಿಯುತ್ತದೆ. ಬೆಳಕು ಹೋಗಿ ಬರಲು ಹಿಡಿದ ಹೊತ್ತಿನಿಂದ ಎತ್ತರ ಸಿಗುತ್ತದೆ, ಬಣ್ಣ ಬದಲಾಗಿರುವುದರಿಂದ ವೇಗ ಸಿಗುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಅನ್ನುತ್ತಾರೆ. ಗಾಳಿ ಕಿರಣದ ದಿಕ್ಕಿನಲ್ಲಿ ಸೆಕೆಂಡಿಗೆ 1 ಮೀಟರ್ ಚಲಿಸಿದರೆ ಬೆಳಕಿನ ಆವರ್ತನ ಬದಲಾಗುವುದು ಸುಮಾರು 15 ಕೋಟಿಯಲ್ಲಿ ಒಂದು ಪಾಲು! ಅದನ್ನು ಓಡುತ್ತಿರುವ ಉಪಗ್ರಹದಿಂದ ಹಿಡಿಯಬೇಕು.

ಇಂಥ ಲೇಸರನ್ನು ನಿರ್ವಾತದಲ್ಲಿ ಓಡಿಸಿದರೆ ಒಂದು ಪೇಚು. ಒಳಗಿನ ಅಂಟು, ಪ್ಲಾಸ್ಟಿಕ್ಕಿನಿಂದ ಹೊರಬರುವ ಅತಿ ಸಣ್ಣ ಆವಿಯೂ ಲೇಸರ್ ಬಿದ್ದ ಜಾಗದಲ್ಲಿ ಕನ್ನಡಿ ಮೇಲೆ ಸುಟ್ಟು ಕರೆಗಟ್ಟುತ್ತದೆ. ಕನ್ನಡಿ ಹಾಳು. ಕೊನೆಗೆ ಕಂಡುಕೊಂಡ ಉಪಾಯ ಸರಳ: ಒಳಗೆ ಸ್ವಲ್ಪವೇ ಸ್ವಲ್ಪ ಆಮ್ಲಜನಕ ಬಿಡುವುದು. ಆ ಕೊಳೆ ಕೂರುವ ಮೊದಲೇ ಉರಿದು ಹೋಗುತ್ತದೆ. ಅಷ್ಟು ಮಾಡಿಯೂ ಮೇಲೆ ಹೋದ ಮೇಲೆ ಮೊದಲನೇ ಲೇಸರ್ ಶಕ್ತಿ ಕಳೆದುಕೊಳ್ಳುತ್ತಾ ಬಂತು. 2019ರ ಜೂನ್‌ನಲ್ಲಿ ಎರಡನೇ ಲೇಸರಿಗೆ ಬದಲಾಯಿಸಿದರು.

ಗಾಳಿಗುಂಗು

ಬಸವಣ್ಣ, ನೀವೇ ಹೇಳಲಿ ಅಂತ ಬಿಟ್ಟಿದ್ದೆ ಅಂದುಕೊಳ್ಳಿ. ಹವಾಮಾನದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಶುರುವಿನಲ್ಲಿ ಈಯೋಲಸ್‌ನ ಅಳತೆಯಲ್ಲಿ ವಿಚಿತ್ರವಾದ ತಪ್ಪು ಬರುತ್ತಿತ್ತು. ಭೂಮಿಯ ಒಂದು ಭಾಗದ ಮೇಲೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಅದನ್ನು ಹಿಡಿಯಲು ನೆರವಾದದ್ದು ಯುರೋಪಿನ ಹವಾಮಾನ ಮಾದರಿಯೇ. ಮಾದರಿಯ ಗಾಳಿಗೂ ಉಪಗ್ರಹದ ಗಾಳಿಗೂ ಇರುವ ವ್ಯತ್ಯಾಸ ನೋಡುತ್ತಾ ಹೋದಾಗ, ದೊಡ್ಡ ಕನ್ನಡಿಯ ಬೇರೆ ಬೇರೆ ಭಾಗದ ಉಷ್ಣಾಂಶ ಸ್ವಲ್ಪ ಹೆಚ್ಚುಕಮ್ಮಿ ಆದಾಗೆಲ್ಲ ಈ ತಪ್ಪು ಬರುತ್ತಿದೆ ಅಂತ ಗೊತ್ತಾಯಿತು. ಅದನ್ನು ಕಳೆದು ಅಳತೆ ಸರಿಪಡಿಸಿದರು. ಮುನ್ಸೂಚನೆಯನ್ನು ತಿದ್ದಲು ಕಳಿಸಿದ ಉಪಗ್ರಹವನ್ನು ಮುನ್ಸೂಚನೆಯೇ ತಿದ್ದಿತು, ನನಗೆ ಇದು ಬಹಳ ಇಷ್ಟವಾದ ಸಂಗತಿ.

2020ರ ಜನವರಿ 9ರಿಂದ ಯುರೋಪಿನ ಕೇಂದ್ರ ಇದನ್ನು ದಿನದ ಮುನ್ಸೂಚನೆಗೆ ಸೇರಿಸಿತು. ಆಮೇಲೆ ಜರ್ಮನಿ, ಫ್ರಾನ್ಸ್, ಬ್ರಿಟನ್ ಸೇರಿಸಿದವು. ನೋಯ್ಡಾದವರೂ ಪರೀಕ್ಷಿಸಿ ನೋಡಿದರು. ಕೋವಿಡ್‌ನಲ್ಲಿ ವಿಮಾನಗಳು ನಿಂತವು ನೋಡಿ, ವಿಮಾನಗಳು ಹಾರುತ್ತಾ ಕಳಿಸುವ ಗಾಳಿ ಅಳತೆಯೂ ಕಡಿಮೆಯಾಯಿತು. ಆಗ ಇದು ಇದ್ದದ್ದು ಒಳ್ಳೆಯದಾಯಿತು. ಲಾಭ ಎಲ್ಲಿ ಜಾಸ್ತಿ ಕಂಡಿತು ಗೊತ್ತಾ? ಉಷ್ಣವಲಯದ ಮೇಲಿನ ಪದರಗಳಲ್ಲಿ ಮತ್ತು ದಕ್ಷಿಣ ಗೋಳಾರ್ಧದಲ್ಲಿ. ಮೇಲೆ ಫಿಸಿಕ್ಸ್ ಸರ್‌ಗೆ ಹೇಳಿದ ಕಾರಣಕ್ಕೇ.

ಸುಧಾರಣೆ ಎಷ್ಟು ಅಂತ ಕೇಳಿದರೆ ನಗಬೇಡಿ. ಗಾಳಿ ಮುನ್ಸೂಚನೆಯ ತಪ್ಪಿನಲ್ಲಿ ಶೇಕಡಾ 2ರ ಆಸುಪಾಸು ಇಳಿಕೆ, ಅದೂ ಚೆನ್ನಾಗಿ ಕಂಡ ಕಡೆ. ಈ ಕೆಲಸದಲ್ಲಿ ಒಂದೇ ಉಪಕರಣದಿಂದ ಅಷ್ಟು ಬಂದರೆ ಹಬ್ಬ ಮಾಡುತ್ತಾರೆ. ಈಗ ಸಾಕಷ್ಟು ಉಪಗ್ರಹಗಳು ಇರುವುದರಿಂದ ಹೊಸದೊಂದು ಬಂದು ಅಷ್ಟು ಸೇರಿಸುವುದೇ ದೊಡ್ಡದು.

ಕೊರತೆಯೂ ಇತ್ತು. ದಟ್ಟ ಮೋಡದೊಳಗೆ ಬೆಳಕು ಹೋಗುವುದಿಲ್ಲ, ಮೋಡದ ತಲೆಯವರೆಗೆ ಮಾತ್ರ. ಕಿರಣ ಒಂದೇ ಪಕ್ಕಕ್ಕೆ ಬೀಳುವುದರಿಂದ ಹೆಚ್ಚುಕಡಿಮೆ ಪೂರ್ವ ಪಶ್ಚಿಮದ ಗಾಳಿ ಮಾತ್ರ ಸಿಗುತ್ತಿತ್ತು. ನಮ್ಮ ಮುಂಗಾರು ಗಾಳಿಗೆ ಅದು ಪರವಾಗಿಲ್ಲ ಬಿಡಿ.

ಪಂಚಾಂಗ_ಪ್ರಿಯ

ಎಲ್ಲ ಸರಿ. ಅಷ್ಟೆಲ್ಲ ಇದ್ದೂ 2023ರ ಜೂನ್‌ನಲ್ಲಿ ಏನಾಯಿತು? ಬಿತ್ತನೆಗೆ ಹದ ಮಾಡಿಕೊಂಡು ಕೂತೆವು, ಮಳೆ ಪತ್ತೆಯೇ ಇಲ್ಲ.

ಗಾಳಿಗುಂಗು

ಆ ವರ್ಷ ಬಿಪರ್‌ಜಾಯ್ ಚಂಡಮಾರುತ ಜೂನ್ ಮೊದಲ ವಾರದಲ್ಲಿ ಅರಬ್ಬೀ ಸಮುದ್ರದಲ್ಲಿ ಎದ್ದು, ನಿಧಾನಕ್ಕೆ ಉತ್ತರಕ್ಕೆ ಹೋಗಿ, 15ರ ಸಂಜೆ ಹೊತ್ತಿಗೆ ಗುಜರಾತಿನ ಜಖಾವು ಬಂದರಿನ ಹತ್ತಿರ ದಡ ಹತ್ತಿತು. ಕೇರಳಕ್ಕೆ ಮುಂಗಾರು ಬಂತು ಅಂತ ಘೋಷಿಸಿದ್ದು ಜೂನ್ 8ಕ್ಕೆ. ನಮ್ಮ ಕಡೆಗೆ ಬರಬೇಕಾದ ಗಾಳಿ ಮತ್ತು ತೇವವನ್ನು ಆ ಚಂಡಮಾರುತ ತನ್ನ ಕಡೆಗೆ ಎಳೆದುಕೊಂಡಿತು. ಮಳೆ ಬರಲಿಲ್ಲ ಅನ್ನುವುದು ಬೇರೆ, ಬರುವುದಿಲ್ಲ ಅಂತ ಮೊದಲೇ ತಿಳಿಯುವುದು ಬೇರೆ ಅಲ್ವಾ? ಉಪಗ್ರಹ ಎರಡನೆಯದಕ್ಕೆ ಮಾತ್ರ ಸಹಾಯ ಮಾಡಬಲ್ಲದು.

ಅಂದಹಾಗೆ ಮುಂಗಾರು ಘೋಷಿಸುವ ನಿಯಮದಲ್ಲೇ ಗಾಳಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೇ 10ರ ನಂತರ, ಗೊತ್ತುಪಡಿಸಿದ 14 ಕೇಂದ್ರಗಳಲ್ಲಿ ಶೇಕಡಾ 60ರಷ್ಟು ಕಡೆ ಸತತ ಎರಡು ದಿನ ಎರಡೂವರೆ ಮಿಲಿಮೀಟರ್ ಅಥವಾ ಹೆಚ್ಚು ಮಳೆ ಆಗಬೇಕು. ಆ 14ರಲ್ಲಿ ನಮ್ಮ ಮಂಗಳೂರೂ ಒಂದು. ಮಳೆ ಮಾತ್ರ ಸಾಲದು. ಅರಬ್ಬೀ ಸಮುದ್ರದ ದಕ್ಷಿಣ ಭಾಗದಲ್ಲಿ ಪಡುವಣ ಗಾಳಿ ಸುಮಾರು ನಾಲ್ಕು ಕಿಲೋಮೀಟರ್ ಎತ್ತರದವರೆಗೂ ಇರಬೇಕು, ಕೆಳಗಿನ ಪದರದಲ್ಲಿ 15ರಿಂದ 20 ನಾಟ್ ವೇಗ ಇರಬೇಕು. ಸಮುದ್ರದ ಮಧ್ಯದ ಈ ಗಾಳಿಯನ್ನು ನೋಡಲು ಉಪಗ್ರಹದ ಅಳತೆಯನ್ನೂ ಬಳಸುತ್ತಾರೆ. ಮೇ ತಿಂಗಳಿನಲ್ಲಿ ನಾಲ್ಕು ಮಳೆ ಜೋರಾಗಿ ಬಿದ್ದ ಕೂಡಲೇ "ಮುಂಗಾರು ಬಂತು" ಅನ್ನದೆ ಇಲಾಖೆ ಕಾಯುವುದು ಇದಕ್ಕೇ.

ಮಲ್ಪೆ_ಬೋಟು

ನಮಗೆ ಮಾತ್ರ ವ್ಯತ್ಯಾಸ ಗೊತ್ತಾಗಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೊದಲೇ ಹೇಳಿದ್ದರು, ನಮ್ಮ ಕಡೆಯ ಬೋಟುಗಳು ದಡಕ್ಕೆ ಬಂದಿದ್ದವು. ಅಷ್ಟು ಹೇಳಿಯೂ ಮೂಲ್ಕಿ ಕಡೆ ಬಂಡೆಗೆ ಸಿಕ್ಕಿದ ಟಗ್‌ನಿಂದ 9 ಜನರನ್ನು ಕೋಸ್ಟ್ ಗಾರ್ಡ್, ನೌಕಾಪಡೆಯವರು ಬಂದು ಬಿಡಿಸಬೇಕಾಯಿತು.

ಇನ್ನೊಂದು ಕೇಳಬೇಕಿತ್ತು. ಕೆಲವು ಸಲ ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ಶುಭ್ರ. ಆದರೂ ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನಿಂದ ದೊಡ್ಡ ಅಲೆಯ ಎಚ್ಚರಿಕೆ ಬರುತ್ತದೆ. ಬಂದ ಹಾಗೆ ಅಲೆಯೂ ಬರುತ್ತದೆ. ಅದು ಹೇಗೆ?

ಗಾಳಿಗುಂಗು

ಅದೂ ಗಾಳಿಯೇ, ಆದರೆ ನಿಮ್ಮೂರಿನದ್ದಲ್ಲ. ಹಿಂದೂ ಮಹಾಸಾಗರದ ತೀರಾ ದಕ್ಷಿಣಕ್ಕೆ, ಜನವೇ ಇಲ್ಲದ ಕಡೆ ಬಿರುಗಾಳಿ ಎದ್ದರೆ ಅಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ನಂತರ ನಮ್ಮ ಕರಾವಳಿಗೆ ಬಂದು ಬಡಿಯುತ್ತವೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಸಮುದ್ರ. ಅಷ್ಟು ದಕ್ಷಿಣದಲ್ಲಿ ಹಡಗೂ ಕಡಿಮೆ, ದ್ವೀಪವೂ ಕಡಿಮೆ. ಅಲ್ಲಿನ ಗಾಳಿ ಅಳೆಯಲು ಸ್ಕ್ಯಾಟರೋಮೀಟರ್ ಬಿಟ್ಟರೆ ಬೇರೆ ದಾರಿ ಬಹಳ ಕಡಿಮೆ. ಅಲೆ ಹೊರಟ ದಿನವೇ ಗೊತ್ತಾದರೆ ಇಲ್ಲಿಗೆ ಯಾವಾಗ ಬರುತ್ತದೆ ಅಂತ ಲೆಕ್ಕ ಹಾಕುವುದು ಸುಲಭ.

ಹಾಸನದ_ಹುಡುಗಿ

ತೌಕ್ತೆ ಬಗ್ಗೆ ಒಂದು ಮಾತು. ಆಗ ನಮ್ಮದೇ ಸ್ಕ್ಯಾಟರೋಮೀಟರ್ ಒಂದೂ ಕೆಲಸ ಮಾಡುತ್ತಿರಲಿಲ್ಲ. ಓಷನ್‌ಸ್ಯಾಟ್-2ರದ್ದು 2014ರ ಫೆಬ್ರವರಿಯಲ್ಲಿ ನಿಂತಿತು. ಅದರ ಬದಲು ಸ್ಕ್ಯಾಟ್‌ಸ್ಯಾಟ್-1 ಹಾರಿದ್ದು 2016ರ ಸೆಪ್ಟೆಂಬರ್‌ಗೆ. ಅದು 2021ರ ಫೆಬ್ರವರಿ ಕೊನೆಗೆ ನಿಂತಿತು. ಮುಂದಿನದ್ದು ಇಒಎಸ್-06, ಅಂದರೆ ಓಷನ್‌ಸ್ಯಾಟ್-3, 2022ರ ನವೆಂಬರ್ 26ಕ್ಕೆ. ಎರಡು ಸಲ ದೊಡ್ಡ ಕಂದಕ. ಚಂದ್ರಯಾನಕ್ಕೆ ನಾವೆಲ್ಲ ಚಪ್ಪಾಳೆ ಹೊಡೆಯುತ್ತೇವೆ, ಹೊಡೆಯಬೇಕು ಕೂಡ. ಆದರೆ ಗಾಳಿ ಅಳೆಯುವ ಉಪಗ್ರಹ ನಿಂತರೆ ಪೇಪರಿನಲ್ಲಿ ಒಂದು ಸಾಲೂ ಬರುವುದಿಲ್ಲ.

ಗಾಳಿಗುಂಗು

ನೂರಕ್ಕೆ ನೂರು ಒಪ್ಪುತ್ತೇನೆ. ಆ ಕಂದಕಗಳಲ್ಲಿ ನಮ್ಮನ್ನು ನಡೆಸಿದ್ದು ಮುಖ್ಯವಾಗಿ ಯುರೋಪಿನ ಮೆಟಾಪ್ ಉಪಗ್ರಹಗಳ ಆಸ್ಕ್ಯಾಟ್ ಎಂಬ ಸ್ಕ್ಯಾಟರೋಮೀಟರ್. ಹವಾಮಾನದಲ್ಲಿ ಇದೊಂದು ಒಳ್ಳೆ ಪದ್ಧತಿ, ಅಳತೆಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಆಸ್ಕ್ಯಾಟ್‌ಗೆ ಒಂದು ಅನುಕೂಲವೂ ಇದೆ. ಅದರ ಅಲೆ ಉದ್ದ, ಐದೂವರೆ ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ, ಹಾಗಾಗಿ ಮಳೆ ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ. ನಮ್ಮ ಓಷನ್‌ಸ್ಯಾಟ್‌ನ ಸಣ್ಣ ಅಲೆ ಜೋರು ಮಳೆಯಲ್ಲಿ ಹನಿಗಳಿಗೇ ತಾಗಿ ತಿರುಗಿ ಬಿಡುತ್ತದೆ. ಬದಲಿಗೆ ಅದು ಅಗಲವಾದ ಪಟ್ಟಿಯನ್ನು ಒಂದೇ ಸಲಕ್ಕೆ ನೋಡುತ್ತದೆ. ಎರಡೂ ಬೇಕು.

ಇನ್ನು ಒಡಿಶಾದ ಚಂಡಮಾರುತಗಳ ವಿಷಯದಲ್ಲಿ ಜನ ಸುಮ್ನೆ ಉಪಗ್ರಹಕ್ಕೇ ಎಲ್ಲ ಶ್ರೇಯಸ್ಸು ಕೊಡುತ್ತಾರೆ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10,000 ಜನ ಸತ್ತರು. 2013ರ ಫೈಲಿನ್‌ನಲ್ಲಿ ಸತ್ತವರು ಕೆಲವೇ ಹತ್ತುಗಳಲ್ಲಿ. ಫೈಲಿನ್ ಹೊತ್ತಿಗೆ ಓಷನ್‌ಸ್ಯಾಟ್-2 ಇತ್ತು ನಿಜ. ಆದರೆ ಸುಮಾರು 10 ಲಕ್ಷ ಜನರನ್ನು ಮನೆ ಬಿಡಿಸಿ ಆಶ್ರಯ ಕಟ್ಟಡಗಳಿಗೆ ಕಳಿಸಿದವರು ಅಲ್ಲಿನ ಅಧಿಕಾರಿಗಳು, ಊರಿನ ಸ್ವಯಂಸೇವಕರು. ಗಾಳಿಯ ನಕ್ಷೆ ಅವರಿಗೆ ಒಂದಷ್ಟು ಸಮಯ ಕೊಟ್ಟಿತು.

ಕೊಪ್ಪದ_ಅಡಿಕೆ

ಬಹಳ ಕಲಿತ ಹಾಗಾಯಿತು. ಆದರೆ ಕೊನೆಗೂ ನನ್ನ ತೋಟಕ್ಕೆ ಬನ್ನಿ. ಈ ಗಾಳಿ ಲೆಕ್ಕ ನೋಡಿ ನಾನು ಬೋರ್ಡೋ ದಿನ ಗೊತ್ತು ಮಾಡಬಹುದಾ?

ಗಾಳಿಗುಂಗು

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಗಂಟೆ ಲೆಕ್ಕದಲ್ಲಿ ಆಗುವುದಿಲ್ಲ. ನಿಮ್ಮ ತೋಟ ಒಂದು ಗುಡ್ಡದ ಈ ಮಗ್ಗುಲು, ಪಕ್ಕದವರದ್ದು ಆ ಮಗ್ಗುಲು. ದೇಶದ ಹೊಸ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಕೂಡ 6 ಕಿಲೋಮೀಟರಿನ ಚೌಕ ಲೆಕ್ಕ. 2025ರ ಮೇ ತಿಂಗಳಲ್ಲಿ ಬಂದದ್ದು. ಒಂದು ಚೌಕದೊಳಗೆ ನಿಮ್ಮ ಇಡೀ ಊರು, ಗುಡ್ಡ, ಹೊಳೆ ಎಲ್ಲ ಒಂದೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗಂತೂ ಸಮುದ್ರದ ಗಾಳಿ ಅಳತೆಯಿಂದ ಸಿಗುವ ಸಹಾಯ ಕಡಿಮೆ. ಅದು ಸ್ಥಳೀಯ ಬಿಸಿಯಿಂದ ಏಳುವುದು.

ಜುಲೈ, ಆಗಸ್ಟ್‌ನಲ್ಲಿ ಮಾತು ಬೇರೆ. ಮಳೆ ಹೊಳವಾಗುವುದು ಬಹಳ ಸಲ ಅರಬ್ಬೀ ಸಮುದ್ರದ ಪಡುವಣ ಗಾಳಿ ಸಡಿಲವಾದಾಗ. ಅದು ಮೂರ್ನಾಲ್ಕು ದಿನ ಮೊದಲೇ ಮಾದರಿಯಲ್ಲಿ ಕಾಣುತ್ತದೆ. ಹಾಗಾಗಿ ಆ್ಯಪ್‌ನಲ್ಲಿ "ನಾಳೆ 2 ಗಂಟೆಗೆ ಮಳೆ" ಅನ್ನುವ ಚಿತ್ರ ನಂಬಬೇಡಿ. ಬದಲು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿ ನೋಡಿ, 850 ಹೆಕ್ಟೋಪಾಸ್ಕಲ್ ಅಂತ ಬರೆದಿರುತ್ತದೆ. ಕಾರವಾರದಿಂದ ಮಂಗಳೂರಿನ ಎದುರಿಗೆ ಸಮುದ್ರದಲ್ಲಿ ಗಾಳಿ ದಿನದಿಂದ ದಿನಕ್ಕೆ ಇಳಿಯುತ್ತಾ ಬಂದಿದೆಯಾ? ಎರಡು ಬೇರೆ ಮಾದರಿಗಳು, ಯುರೋಪಿನದ್ದು ಮತ್ತು ಅಮೆರಿಕದ್ದು, ಒಂದೇ ಮಾತು ಹೇಳುತ್ತಿವೆಯಾ? ಹಾಗಿದ್ದರೆ ಕೊನೆಗಾರರಿಗೆ ಹೇಳಿಕಳಿಸಬಹುದು. ಎರಡೂ ಬೇರೆ ಬೇರೆ ಹೇಳಿದರೆ ಸುಣ್ಣ ನೆನೆಸಬೇಡಿ, ಇನ್ನೊಂದು ದಿನ ಕಾಯಿರಿ.

ಪಂಚಾಂಗ_ಪ್ರಿಯ

ಇದು ಕೆಲಸಕ್ಕೆ ಬರುವ ಮಾತು. 850 ಬರೆದಿಟ್ಟುಕೊಂಡೆ. ಆರಿದ್ರಾ ಪಕ್ಕದಲ್ಲೇ.

ಮಲ್ಪೆ_ಬೋಟು

ಬಸವಣ್ಣ, ಆ ಲೇಸರ್ ಉಪಗ್ರಹ ಈಗಲೂ ಉಂಟಾ?

ಬರ್ಲಿನ್_ಬಸವ

ಇಲ್ಲ. ಮೂರು ವರ್ಷಕ್ಕೆ ಅಂತ ಕಳಿಸಿದ್ದು, ಐದು ವರ್ಷದ ಹತ್ತಿರ ಬಂತು. ಇಂಧನ ಮುಗಿಯುತ್ತಾ ಬಂದಾಗ 2023ರ ಜುಲೈ 28ರಂದು ಅಂಟಾರ್ಕ್ಟಿಕಾ ಮೇಲೆ ವಾತಾವರಣಕ್ಕೆ ಇಳಿಸಿ ಸುಟ್ಟುಬಿಟ್ಟರು. ಹಾಗೆ ಇಳಿಸುವುದಕ್ಕಾಗಿ ಮಾಡಿದ ಉಪಗ್ರಹ ಅದಾಗಿರಲಿಲ್ಲ, ಆದರೂ ಉಳಿದ ಇಂಧನದಲ್ಲಿ ದಾರಿ ತಿದ್ದಿ ತಿದ್ದಿ ಜನ ಇಲ್ಲದ ಕಡೆಗೆ ತಂದರು. ಈಯೋಲಸ್-2 ತಯಾರಿ ನಡೆದಿದೆ, ಹಾರುವುದು ಮುಂದಿನ ದಶಕದಲ್ಲಿ. ಅಲ್ಲಿಯವರೆಗೆ ಪದರ ಪದರವಾಗಿ ಇಡೀ ಭೂಮಿಯ ಗಾಳಿ ಅಳೆಯುವ ಅಂಥ ಲೇಸರ್ ಯುರೋಪಿನ ಕೈಯಲ್ಲಿ ಇಲ್ಲ.

ಮಲ್ಪೆ_ಬೋಟು

ಛೆ. ಓಷನ್‌ಸ್ಯಾಟ್‌ನ ಗಾಳಿ ನಕ್ಷೆ ನಮ್ಮಂಥವರಿಗೆ ನೋಡಲಿಕ್ಕೆ ಸಿಗುತ್ತದಾ?

ಹಾಸನದ_ಹುಡುಗಿ

ಸಿಗುತ್ತದೆ ಅಣ್ಣ. ಅಹಮದಾಬಾದಿನ ಇಸ್ರೋ ಕೇಂದ್ರದವರ ಮಾಸ್‌ಡ್ಯಾಕ್ ಅಂತ ಒಂದು ತಾಣ ಇದೆ, ಅಲ್ಲಿ ನೋಡಿ. ಬಾಣದ ಗುರುತುಗಳಿರುತ್ತವೆ. ಉಪಗ್ರಹ ಹಾದು ಹೋದ ಪಟ್ಟಿಯಲ್ಲಿ ಮಾತ್ರ ಬಾಣ, ನಡುವೆ ಖಾಲಿ ಇರುತ್ತದೆ. ಖಾಲಿ ಅಂದರೆ ಗಾಳಿ ಇಲ್ಲ ಅಂತಲ್ಲ, ನೋಡಿಲ್ಲ ಅಂತ. ದಡಕ್ಕೆ ತೀರಾ ಹತ್ತಿರದಲ್ಲೂ ಬಾಣ ಇರುವುದಿಲ್ಲ, ನೆಲ ಸೇರಿಕೊಂಡರೆ ಅಳತೆ ಕೆಡುತ್ತದೆ. ಜೋರು ಮಳೆ ಇರುವ ಕಡೆಯ ಬಾಣಗಳನ್ನು ಪೂರ್ತಿ ನಂಬಬೇಡಿ. ಸಮಯ ಯುಟಿಸಿಯಲ್ಲಿ ಹಾಕಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. ಮತ್ತೆ ಅದು ಆಗಲೇ ಬೀಸಿ ಹೋದ ಗಾಳಿ, ಕಡಲಿಗೆ ಇಳಿಯುವ ಮೊದಲು ಇನ್‌ಕಾಯ್ಸ್‌ನ ಮುನ್ಸೂಚನೆಯನ್ನೇ ನೋಡಿ.